ಬಾಗಿಲ ಮುಂದೆ ನಿಂತ ಆಟ: ಬಾಗಿಲು ಮತ್ತು ವಸ್ತುಗಳನ್ನು ಒಡೆಯುವ ನಿಯಮಗಳಿಗೊಂದು ದೋಷ ನಿವಾರಣೆ ಕೈಪಿಡಿ

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಹಾಕಿ ಆಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ರಾಕ್ಷಸನೋ ದರೋಡೆಕೋರರ ಗುಂಪೋ ಎದುರಾದರೆ ಆಟ ನಿಲ್ಲುವುದಿಲ್ಲ, ಏಕೆಂದರೆ ಹೋರಾಟದ ನಿಯಮಗಳನ್ನು ಎಲ್ಲರೂ ಓದಿಕೊಂಡೇ ಬಂದಿರುತ್ತಾರೆ. ಆಟ ನಿಲ್ಲುವುದು ಮುಚ್ಚಿದ ಬಾಗಿಲಿನ ಮುಂದೆ. ಮಂಗಳೂರು, ಉಡುಪಿ, ಮಣಿಪಾಲಗಳಲ್ಲಿ ಹೊಸದಾಗಿ ಗೇಮ್ ಮಾಸ್ಟರ್ ಆಗಿ, ಅಂದರೆ ಕಥೆ ನಡೆಸಿ ನಿಯಮ ತೀರ್ಮಾನಿಸುವವರಾಗಿ ಕುಳಿತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಒಂದು ಮರದ ಬಾಗಿಲಿಗೆ ಅರ್ಧ ಗಂಟೆ ಹೋಯಿತು, ದೋಷ ಎಲ್ಲಿದೆ? ಆ ದೋಷವನ್ನು ಲಕ್ಷಣದಿಂದ ಹಿಡಿದು ಕಾರಣದವರೆಗೆ ಹುಡುಕಿಕೊಂಡು ಹೋಗುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಾಗಿಲಿನ ಬಳಿ ಆಟ ಕೆಟ್ಟಾಗ ದೋಷವು ಅಂಕಿಗಳಲ್ಲಿ ಇರುವುದು ಕಡಿಮೆ. ಈ ಬಾಗಿಲನ್ನು ಈ ಜನರು ಒಡೆಯಲು ಸಾಧ್ಯವೇ, ಒಡೆಯಲು ಎಷ್ಟು ಹೊತ್ತು ಬೇಕು, ಆ ಹೊತ್ತಿನಲ್ಲಿ ಅವರು ಏನನ್ನು ಕಳೆದುಕೊಳ್ಳುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಒಂದೇ ದಾಳದ ತಲೆಗೆ ಕಟ್ಟಿದಾಗಲೇ ಹೆಚ್ಚಿನ ತೊಡಕುಗಳು ಹುಟ್ಟುತ್ತವೆ. ಆದ್ದರಿಂದ ಮುಂದೆ ಹೇಳುವ ಪ್ರತಿಯೊಂದು ತಪಾಸಣೆಯೂ ಈ ಮೂರನ್ನು ಒಂದರಿಂದೊಂದು ಬಿಡಿಸುವ ಕೆಲಸವನ್ನೇ ಮಾಡುತ್ತದೆ.

ಮೊದಲ ತಪಾಸಣೆ: ಮೇಜಿನ ಮೇಲೆ ಯಾವ ಆವೃತ್ತಿಯ ನಿಯಮವಿದೆ?

ಒಂದೇ ಮೇಜಿನ ಸುತ್ತ ಕುಳಿತವರು ಬೇರೆ ಬೇರೆ ಆವೃತ್ತಿಗಳಿಂದ ಆಟ ಕಲಿತಿರುತ್ತಾರೆ. ತಾವು ಹೇಳುತ್ತಿರುವುದು ಹಳೆಯ ಆವೃತ್ತಿಯ ನಿಯಮವೆಂಬುದು ಅವರಿಗೇ ತಿಳಿದಿರುವುದಿಲ್ಲ. 1974ರ ಮೂಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ನೆಲಮಾಳಿಗೆಯ ಬಾಗಿಲುಗಳು ಸಾಮಾನ್ಯವಾಗಿ ಬಿಗಿದುಕೊಂಡೇ ಇರುತ್ತವೆ, ಆರು ಮುಖದ ದಾಳದಲ್ಲಿ 1 ಅಥವಾ 2 ಬಿದ್ದರೆ ತೆರೆದುಕೊಳ್ಳುತ್ತವೆ. ಮುಂದೆ ಬಂದ ಅಡ್ವಾನ್ಸ್‌ಡ್ ಆವೃತ್ತಿಯು ಬಾಗಿಲು ತಳ್ಳುವುದಕ್ಕೂ ಕಬ್ಬಿಣದ ಸರಳು ಬಗ್ಗಿಸುವುದಕ್ಕೂ ಪ್ರತ್ಯೇಕ ಅಂಕಿಗಳನ್ನು ಕೊಟ್ಟಿತು. ಸ್ಟ್ರೆಂತ್ (ಪಾತ್ರದ ದೇಹಬಲದ ಅಂಕಿ) 18 ಇರುವವನಿಗೆ ಬಾಗಿಲು ಆರರಲ್ಲಿ ಮೂರು ಸಲ ತೆರೆಯುತ್ತದೆ, ಸರಳು ಬಗ್ಗುವ ಸಾಧ್ಯತೆ ಶೇ. 16 ಮಾತ್ರ, ಮತ್ತು ಸರಳಿನ ಮೇಲಿನ ಪ್ರಯತ್ನ ಒಮ್ಮೆ ಸೋತರೆ ಅಲ್ಲಿಗೆ ಮುಗಿಯಿತು.

2000ದಲ್ಲಿ ಬಂದ ಮೂರನೆಯ ಆವೃತ್ತಿ ಮತ್ತು ಅದನ್ನು ತಿದ್ದಿದ 2003ರ 3.5 ಆವೃತ್ತಿ ಈ ವಿಷಯದಲ್ಲಿ ಎಲ್ಲಕ್ಕಿಂತ ವಿವರವಾಗಿವೆ. ಅಲ್ಲಿ ಪ್ರತಿ ವಸ್ತುವಿಗೂ ಹಾರ್ಡ್‌ನೆಸ್ (ಪ್ರತಿ ಏಟಿನ ಹಾನಿಯಿಂದ ಕಳೆಯುವ ಅಂಕಿ), ಹಿಟ್ ಪಾಯಿಂಟ್ (ಒಡೆಯುವ ಮೊದಲು ತಾಳುವ ಒಟ್ಟು ಹಾನಿ) ಮತ್ತು ಒಂದೇ ಏಟಿಗೆ ಒಡೆಯಲು ಬೇಕಾದ ಡಿಸಿ (ದಾಳ ಮತ್ತು ಬೋನಸ್ ಕೂಡಿ ಮುಟ್ಟಬೇಕಾದ ಮೊತ್ತ) ಎಂಬ ಮೂರು ಅಂಕಿಗಳಿವೆ. 2014ರ ಐದನೆಯ ಆವೃತ್ತಿ ಹಾರ್ಡ್‌ನೆಸ್ ಅನ್ನು ಕೈಬಿಟ್ಟು, ವಸ್ತು ಯಾವುದರಿಂದ ಆಗಿದೆ ಎಂಬುದರ ಮೇಲೆ ಆರ್ಮರ್ ಕ್ಲಾಸ್ (ಏಟು ತಾಗಲು ದಾಳಿಯ ದಾಳ ಮುಟ್ಟಬೇಕಾದ ಅಂಕಿ) ಅನ್ನೂ, ಗಾತ್ರದ ಮೇಲೆ ಹಿಟ್ ಪಾಯಿಂಟ್‌ಗಳನ್ನೂ ಕೊಟ್ಟು, ಉಳಿದದ್ದನ್ನು ಗೇಮ್ ಮಾಸ್ಟರ್‌ನ ವಿವೇಚನೆಗೆ ಬಿಟ್ಟಿತು. ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ 2019ರ ಎರಡನೆಯ ಆವೃತ್ತಿ ಹಾರ್ಡ್‌ನೆಸ್ ಅನ್ನು ಉಳಿಸಿಕೊಂಡು, ವಸ್ತು ಪೂರ್ತಿ ನಾಶವಾಗುವ ಮೊದಲೇ ಕೆಲಸಕ್ಕೆ ಬಾರದ ಸ್ಥಿತಿಗೆ ಇಳಿಯುವ ಒಂದು ಮಟ್ಟವನ್ನೂ ಗುರುತಿಸಿತು. ಅದರಲ್ಲಿ ಸಾದಾ ಮರದ ಬಾಗಿಲಿಗೆ ಹಾರ್ಡ್‌ನೆಸ್ 10, ಹಿಟ್ ಪಾಯಿಂಟ್ 40, ಮುರಿದ ಸ್ಥಿತಿಯ ಮಟ್ಟ 20.

ಐದನೆಯ ಆವೃತ್ತಿಯ ಬಾಗಿಲಿಗೆ 3.5ರ ಹಾರ್ಡ್‌ನೆಸ್ ಸೇರಿಸಿ, ಅದರ ಮೇಲೆ ಹಳೆಯ ‘ಒಂದೇ ಪ್ರಯತ್ನ’ದ ನಿಯಮವನ್ನೂ ಹೇರಿದರೆ ಬಾಗಿಲು ಕೋಟೆಗೋಡೆಯಾಗಿಬಿಡುತ್ತದೆ. ಬೆರಕೆ ಕಂಡುಬಂದರೆ ಬೇರೆ ದೋಷ ಹುಡುಕುವ ಮೊದಲು ಅದನ್ನೇ ಸರಿಪಡಿಸಿಕೊಳ್ಳಬೇಕು.

ಲಕ್ಷಣ: ದಾಳ ಹಾಕಿದಷ್ಟೂ ಮುಗಿಯುವುದಿಲ್ಲ

ಇದು ಅತ್ಯಂತ ಸಾಮಾನ್ಯವಾದ ದೋಷವಾದ್ದರಿಂದ ಇದರ ಬಗ್ಗೆ ವಿವರವಾಗಿ ಹೇಳಬೇಕಾಗಿದೆ. ಆಟಗಾರನು ಸ್ಟ್ರೆಂತ್ ಚೆಕ್ ಹಾಕುತ್ತಾನೆ (ಇಪ್ಪತ್ತು ಮುಖದ ದಾಳಕ್ಕೆ ಸ್ಟ್ರೆಂತ್‌ನ ಬೋನಸ್ ಕೂಡಿಸಿ ಡಿಸಿಗೆ ಹೋಲಿಸುತ್ತಾನೆ), ಸೋಲುತ್ತಾನೆ, “ಇನ್ನೊಮ್ಮೆ ಹಾಕ್ತೇನೆ ಮಾರಾಯ” ಎನ್ನುತ್ತಾನೆ. ಬೇಡವೆನ್ನಲು ಕಾರಣವಿಲ್ಲದ ಗೇಮ್ ಮಾಸ್ಟರ್ ಒಪ್ಪುತ್ತಾನೆ. ಹೀಗೆ ಹತ್ತು ಸಲ ನಡೆಯುತ್ತದೆ. ಇಲ್ಲಿ ಮೊದಲು ಮಾಡಬೇಕಾದ ಲೆಕ್ಕ ಒಂದೇ: ಪಾತ್ರದ ಬೋನಸ್‌ಗೆ 20 ಕೂಡಿಸಿ, ಬಂದ ಮೊತ್ತವನ್ನು ಡಿಸಿಯ ಪಕ್ಕದಲ್ಲಿಟ್ಟು ನೋಡುವುದು.

ಬೋನಸ್ 3, ಡಿಸಿ 25 ಎಂದಿರಲಿ. ದಾಳದ ಅತಿ ದೊಡ್ಡ ಮುಖ ಬಿದ್ದರೂ ಮೊತ್ತ 23 ಆಗುತ್ತದೆಯೇ ಹೊರತು 25 ಆಗುವುದಿಲ್ಲ. ಸ್ಟ್ರೆಂತ್ ಚೆಕ್‌ನಲ್ಲಿ 20 ಬಿದ್ದ ಮಾತ್ರಕ್ಕೆ ತಾನಾಗಿ ಗೆಲುವೆಂಬ ನಿಯಮ 3.5ರಲ್ಲಾಗಲಿ 2014ರ ಐದನೆಯ ಆವೃತ್ತಿಯಲ್ಲಾಗಲಿ ಇಲ್ಲ. ಆ ಸೌಲಭ್ಯ ದಾಳಿಯ ದಾಳಕ್ಕೆ ಸೇರಿದ್ದು. ಹಾಗಾಗಿ ಈ ಬಾಗಿಲಿಗೆ ಎಷ್ಟು ದಾಳ ಹಾಕಿಸಿದರೂ ಅದು ಆಟಗಾರರ ಸಮಯವನ್ನು ಹಾಳುಮಾಡಿದಂತೆಯೇ. ‘ಹೆಗಲು ಕೊಟ್ಟು ತಳ್ಳಿದರೆ ಇದು ಅಲುಗುವುದೂ ಇಲ್ಲ, ಆಚೆಯಿಂದ ದಪ್ಪ ಅಡ್ಡಪಟ್ಟಿ ಹಾಕಿರುವಂತಿದೆ’ ಎಂದು ನೇರವಾಗಿ ಹೇಳಿದರೆ ಆಟಗಾರರು ಬೇರೆ ದಾರಿ ಯೋಚಿಸುತ್ತಾರೆ.

ಬೋನಸ್ 5, ಡಿಸಿ 20 ಆಗಿದ್ದರೆ ಚಿತ್ರ ಬೇರೆ. ದಾಳದಲ್ಲಿ 15 ಅಥವಾ ಹೆಚ್ಚು ಬೀಳಬೇಕು, ಅಂದರೆ ಒಂದು ಪ್ರಯತ್ನಕ್ಕೆ ಶೇ. 30ರಷ್ಟು ಸಾಧ್ಯತೆ. ಐದು ಪ್ರಯತ್ನಗಳಲ್ಲಿ ಒಮ್ಮೆಯಾದರೂ ಗೆಲ್ಲುವ ಸಾಧ್ಯತೆ ಶೇ. 83, ಹತ್ತು ಪ್ರಯತ್ನಗಳಲ್ಲಿ ಶೇ. 97. ಪ್ರಯತ್ನಕ್ಕೆ ಮಿತಿಯಿಲ್ಲದಿದ್ದರೆ ಈ ಬಾಗಿಲು ತೆರೆಯುವುದು ಖಚಿತವೆಂದೇ ಅರ್ಥ, ಖಚಿತವಾದದ್ದಕ್ಕೆ ದಾಳವೇಕೆ? 3.5 ಆವೃತ್ತಿ ಇದಕ್ಕಾಗಿಯೇ ‘ಟೇಕ್ 20’ ಎಂಬ ನಿಯಮವನ್ನು ಇಟ್ಟಿದೆ. ಸೋತರೆ ಹಾನಿಯಿಲ್ಲದ, ಅವಸರವಿಲ್ಲದ ಸಂದರ್ಭದಲ್ಲಿ ಇಪ್ಪತ್ತು ಪ್ರಯತ್ನಗಳ ಹೊತ್ತನ್ನು ಕೊಟ್ಟು, ದಾಳದಲ್ಲಿ 20 ಬಿದ್ದಿತೆಂದೇ ಎಣಿಸುವುದು. ಒಂದು ಪ್ರಯತ್ನದ ಸರದಿ, ಅಂದರೆ ಒಂದು ರೌಂಡ್, ಆರು ಸೆಕೆಂಡಾದ್ದರಿಂದ ಬಾಗಿಲಿಗೆ ಅದು ಎರಡು ನಿಮಿಷವಾಗುತ್ತದೆ. ಐದನೆಯ ಆವೃತ್ತಿಯೂ ಮಾಮೂಲಿನ ಹತ್ತು ಪಟ್ಟು ಹೊತ್ತು ಕೊಟ್ಟರೆ ಸಾಧ್ಯವಿರುವ ಕೆಲಸ ತಾನಾಗಿ ಆಯಿತೆಂದು ಭಾವಿಸಲು ಅವಕಾಶ ಕೊಡುತ್ತದೆ.

‘ಟೇಕ್ 20’ ಒಂದು ಒಳ್ಳೆಯ ಅಳತೆಗೋಲೂ ಹೌದು. 3.5ರಲ್ಲಿ ಗಟ್ಟಿಮುಟ್ಟಾದ ಮರದ ಬಾಗಿಲು ಬರಿದೇ ಬಿಗಿದುಕೊಂಡಿದ್ದರೆ ಡಿಸಿ 23, ಬೀಗ ಹಾಕಿದ್ದರೆ 25. ಸ್ಟ್ರೆಂತ್ 16 ಇರುವ ಪಾತ್ರದ ಬೋನಸ್ 3. ಎರಡು ನಿಮಿಷ ಕೊಟ್ಟರೆ ಅವನು ಬಿಗಿದುಕೊಂಡ ಬಾಗಿಲನ್ನು ಸರಿಯಾಗಿ ತೆರೆಯುತ್ತಾನೆ, ಬೀಗ ಹಾಕಿದ್ದನ್ನು ತೆರೆಯಲಾರ. ಕೈಗೊಂದು ಕ್ರೋಬಾರ್ ಕೊಟ್ಟರೆ ಅದರ ಬೋನಸ್ 2 ಸೇರಿ ಅದೂ ಸಾಧ್ಯವಾಗುತ್ತದೆ. ಸಾಮಾನು ಚೀಲದಲ್ಲಿ ಮರೆತುಹೋಗಿದ್ದ ಒಂದು ಕಬ್ಬಿಣದ ತುಂಡಿಗೆ ಇಷ್ಟು ಬೆಲೆ ಬರುವುದು ಈ ನಿಯಮಗಳ ಸೊಗಸು ಎಂದೇ ನಾನು ತಿಳಿದಿದ್ದೇನೆ.

ಉಳಿಯುವುದು ಅವಸರವಿರುವ ಸಂದರ್ಭ: ಹಿಂದೆ ಬೆನ್ನಟ್ಟಿ ಬರುವವರಿದ್ದಾರೆ, ಕೋಣೆಯಲ್ಲಿ ನೀರು ಏರುತ್ತಿದೆ, ಒಳಗೆ ಮಂತ್ರೋಚ್ಚಾರ ಕೇಳುತ್ತಿದೆ. ಆಗ ಮಾತ್ರ ಒಂದೊಂದು ದಾಳಕ್ಕೂ ಅರ್ಥವಿರುತ್ತದೆ, ಏಕೆಂದರೆ ಪ್ರತಿ ಸೋಲಿಗೂ ಆರು ಸೆಕೆಂಡಿನ ಬೆಲೆಯಿದೆ. ಅವಸರವಿಲ್ಲದಿದ್ದರೂ ಸದ್ದಿನ ಬೆಲೆ ಇರಬಹುದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಹಳೆಯ ‘ಬೇಸಿಕ್’ ನಿಯಮಗಳ ಸಂಪ್ರದಾಯದಲ್ಲಿ ಮೊದಲ ತಳ್ಳುವಿಕೆಗೆ ಬಾಗಿಲು ತೆರೆಯದಿದ್ದರೆ ಒಳಗಿರುವವರ ಮೇಲೆ ಅನಿರೀಕ್ಷಿತವಾಗಿ ಎರಗುವ ಅವಕಾಶ ತಪ್ಪಿಹೋಗುತ್ತದೆ. ಪಾತ್‌ಫೈಂಡರ್‌ನಲ್ಲಿ ತೀರಾ ಕೆಟ್ಟದಾಗಿ ಸೋತರೆ ಬಾಗಿಲು ಇನ್ನಷ್ಟು ಸಿಕ್ಕಿಕೊಂಡು, ಮುಂದಿನ ಪ್ರಯತ್ನಗಳಿಗೆಲ್ಲ 2 ಅಂಕ ಕಡಿತವಾಗುತ್ತದೆ. ಐದನೆಯ ಆವೃತ್ತಿಯ ‘ನಾಕ್’ ಮಂತ್ರ ಬೀಗವನ್ನು ತೆಗೆಯುತ್ತದೆ, ಆದರೆ ಅದರ ಬಡಿತ 300 ಅಡಿ ದೂರದವರೆಗೆ ಕೇಳಿಸುತ್ತದೆ. ಈ ಬೆಲೆಗಳಲ್ಲಿ ಯಾವುದೂ ಅನ್ವಯಿಸದಿದ್ದರೆ ದಾಳವನ್ನು ಪಕ್ಕಕ್ಕಿಟ್ಟು ಬಾಗಿಲನ್ನು ತೆರೆದುಬಿಡಬೇಕು.

ಲಕ್ಷಣ: ಪೈಲ್ವಾನ ಸೋತ, ಬಡಕಲು ಮಾಂತ್ರಿಕ ತೆರೆದ

ಒಂದು ಸಲ ನಡೆದರೆ ಎಲ್ಲರೂ ನಗುತ್ತಾರೆ. ಪದೇ ಪದೇ ನಡೆದರೆ ಸ್ಟ್ರೆಂತ್ ಹೆಚ್ಚಿಸಿಕೊಂಡ ಆಟಗಾರನಿಗೆ ಬೇಸರವಾಗುತ್ತದೆ. ಡಿಸಿ 15ರ ಬಾಗಿಲಿಗೆ ಬೋನಸ್ 5 ಇರುವ ಯೋಧ ಗೆಲ್ಲುವ ಸಾಧ್ಯತೆ ಶೇ. 55, ಒಂದು ಅಂಕ ಕಡಿತವಿರುವ ಮಾಂತ್ರಿಕನದ್ದು ಶೇ. 25. ಯೋಧ ಸೋತು ಮಾಂತ್ರಿಕ ಗೆಲ್ಲುವ ಸಾಧ್ಯತೆ ಶೇ. 11ಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ಸುಮಾರು ಒಂಬತ್ತು ಬಾಗಿಲುಗಳಿಗೊಮ್ಮೆ ಹೀಗಾಗುತ್ತದೆ. ದಾಳ ಕೆಟ್ಟಿಲ್ಲ, ಇಪ್ಪತ್ತು ಮುಖಗಳಲ್ಲಿ ಪ್ರತಿಯೊಂದಕ್ಕೂ ಸಮಾನ ಅವಕಾಶವಿರುವುದರಿಂದ ಬೋನಸ್‌ಗಳ ವ್ಯತ್ಯಾಸ ಅದರೆದುರು ಸಣ್ಣದಾಗುತ್ತದೆ.

ಪರಿಹಾರವಾಗಿ ತಂಡಕ್ಕೆ ಒಂದೇ ದಾಳವೆಂದು ಗೊತ್ತುಮಾಡುವುದು ಒಳ್ಳೆಯದು. ಹೆಚ್ಚು ಬಲವಿರುವವನು ಮುಂದೆ ನಿಲ್ಲುತ್ತಾನೆ, ಉಳಿದವರಲ್ಲಿ ಒಬ್ಬರು ನೆರವಾಗುತ್ತಾರೆ, ನೆರವಿಗೆ ಐದನೆಯ ಆವೃತ್ತಿಯ ಅಡ್ವಾಂಟೇಜ್, ಅಂದರೆ ಎರಡು ದಾಳ ಹಾಕಿ ಹೆಚ್ಚಿನದನ್ನು ಎಣಿಸುವ ಅವಕಾಶ ಸಿಗುತ್ತದೆ. ಹಿಡಿದೊಯ್ಯಬಹುದಾದ ದಿಮ್ಮಿ, ಅಂದರೆ ಪೋರ್ಟಬಲ್ ರ್‍ಯಾಮ್ ಇದ್ದರೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ: ಬೋನಸ್ 5ರ ಮೇಲೆ ದಿಮ್ಮಿಯ 4 ಸೇರಿದರೆ ಡಿಸಿ 20ರ ಬಾಗಿಲಿಗೆ ಸಾಧ್ಯತೆ ಶೇ. 50, ಇನ್ನೊಬ್ಬರು ಕೈಜೋಡಿಸಿದರೆ ಶೇ. 75. ಅದೇ 2014ರ ಆವೃತ್ತಿಯಲ್ಲಿ ಐಚ್ಛಿಕವಾಗಿ ಕೊಟ್ಟಿರುವ ಇನ್ನೊಂದು ದಾರಿಯೂ ಇದೆ: ಪಾತ್ರದ ಸ್ಟ್ರೆಂತ್‌ನಿಂದ 5 ಕಳೆದರೆ ಬರುವ ಅಂಕಿಯವರೆಗಿನ ಡಿಸಿಗೆ ದಾಳವೇ ಬೇಡ. ಸ್ಟ್ರೆಂತ್ 18 ಇರುವವಳು ಡಿಸಿ 13ರ ಬಾಗಿಲನ್ನು ಸುಮ್ಮನೆ ತಳ್ಳಿಕೊಂಡು ಒಳಗೆ ನಡೆಯುತ್ತಾಳೆ. ಬಲಶಾಲಿ ಪಾತ್ರಕ್ಕೆ ಬಲಶಾಲಿ ಎನಿಸಿಕೊಳ್ಳುವ ಕ್ಷಣಗಳು ಬೇಕು, ಅದನ್ನು ಇದು ಒದಗಿಸುತ್ತದೆ.

ಲಕ್ಷಣ: ಕಬ್ಬಿಣದ ಬಾಗಿಲು ಚಾಕುವಿಗೆ ಬಿತ್ತು, ಅಥವಾ ಮರದ ಬಾಗಿಲು ಕತ್ತಿಗೂ ಬೀಳಲಿಲ್ಲ

ಎರಡೂ ಒಂದೇ ದೋಷದ ಎರಡು ಮುಖಗಳು. ಮೊದಲನೆಯದು ಐದನೆಯ ಆವೃತ್ತಿಯಲ್ಲಿ, ಎರಡನೆಯದು 3.5ರಲ್ಲಿ ಕಾಣಿಸಿಕೊಳ್ಳುತ್ತದೆ.

3.5ರಲ್ಲಿ ಪ್ರತಿ ಏಟಿನಿಂದಲೂ ಹಾರ್ಡ್‌ನೆಸ್ ಕಳೆಯಲಾಗುತ್ತದೆ. ಮರಕ್ಕೆ 5, ಕಲ್ಲಿಗೆ 8, ಕಬ್ಬಿಣಕ್ಕೆ 10. ಒಳ್ಳೆಯ ಮರದ ಬಾಗಿಲಿನ ದಪ್ಪ ಒಂದೂವರೆ ಅಂಗುಲ, ಹಿಟ್ ಪಾಯಿಂಟ್ 15. ಸ್ಟ್ರೆಂತ್ 16ರ ಯೋಧ ಒಂದು ಕೈಯಲ್ಲಿ ಉದ್ದ ಕತ್ತಿ ಹಿಡಿದು ಹೊಡೆದರೆ ಎಂಟು ಮುಖದ ದಾಳಕ್ಕೆ 3 ಸೇರಿ, ಹಾರ್ಡ್‌ನೆಸ್ ಕಳೆದು, ಬಾಗಿಲಿಗೆ ತಾಗುವುದು ಸರಾಸರಿ ಎರಡೂವರೆಗಿಂತ ಕೊಂಚ ಹೆಚ್ಚು. ಹಾಗಾಗಿ ಆರು ಏಟು ಬೇಕು. ಅವನೇ ಎರಡೂ ಕೈಯಲ್ಲಿ ದೊಡ್ಡ ಕೊಡಲಿ ಹಿಡಿದರೆ ಸರಾಸರಿ ಐದೂವರೆ ತಾಗಿ ಮೂರು ಏಟಿಗೆ ಕೆಲಸ ಮುಗಿಯುತ್ತದೆ. ಕೊಡಲಿಯ ದಾಳ ಕತ್ತಿಯದಕ್ಕಿಂತ ತುಸುವೇ ದೊಡ್ಡದಾದರೂ ಹಾರ್ಡ್‌ನೆಸ್ ಕಳೆದ ಮೇಲೆ ಉಳಿಯುವುದು ಎರಡು ಪಟ್ಟು ಎಂಬುದನ್ನು ಗಮನಿಸಬೇಕು.

ಈಗ ಅದೇ ಕತ್ತಿಯನ್ನು ಎರಡು ಅಂಗುಲ ದಪ್ಪದ, 60 ಹಿಟ್ ಪಾಯಿಂಟ್‌ನ ಕಬ್ಬಿಣದ ಬಾಗಿಲಿನ ಮೇಲೆ ಎತ್ತಲಿ. ಅವನ ಏಟಿನ ಗರಿಷ್ಠ ಮೌಲ್ಯ 11. ಹಾರ್ಡ್‌ನೆಸ್ 10 ಕಳೆದರೆ ಒಂದೇ ಒಂದು ಉಳಿಯುತ್ತದೆ, ಅದೂ ಎಂಟು ಏಟಿಗೊಮ್ಮೆ. ವಸ್ತುಗಳಿಗೆ ಕ್ರಿಟಿಕಲ್ ಏಟು (ದಾಳಿಯ ದಾಳ ಬಹಳ ಚೆನ್ನಾಗಿ ಬಿದ್ದಾಗ ಹೆಚ್ಚುವ ಹಾನಿ) ಅನ್ವಯಿಸದ ಕಾರಣ ಅದೃಷ್ಟದ ಸಹಾಯವೂ ಇಲ್ಲ. ಲೆಕ್ಕದ ಪ್ರಕಾರ ಸುಮಾರು 480 ಏಟು, ರೌಂಡಿಗೊಂದರಂತೆ 48 ನಿಮಿಷ ಬೇಕು. ಇದನ್ನು ಮೇಜಿನ ಮೇಲೆ ದಾಳ ಹಾಕಿ ಆಡಿಸುವುದು ಯಾರಿಗೂ ಬೇಡ. ಆಯುಧವು ಆ ವಸ್ತುವಿಗೆ ತಕ್ಕುದಲ್ಲವೆಂದು ಗೇಮ್ ಮಾಸ್ಟರ್ ನಿರಾಕರಿಸಲು ನಿಯಮದಲ್ಲೇ ಅಧಿಕಾರವಿದೆ. ಅದನ್ನು ಸಂಕೋಚವಿಲ್ಲದೆ ಬಳಸಬೇಕು. ಹಗ್ಗವನ್ನು ಗದೆಯಿಂದ ತುಂಡರಿಸಲು ಹೊರಟವರಿಗೂ ಇದೇ ಉತ್ತರ. ಅಡಮಂಟೈನ್ ಎಂಬ ಕಾಲ್ಪನಿಕ ಅತಿಗಟ್ಟಿ ಲೋಹದ ಆಯುಧವಿದ್ದರೆ ಮಾತ್ರ 20ಕ್ಕಿಂತ ಕಡಿಮೆ ಹಾರ್ಡ್‌ನೆಸ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಕಾಗಿಲ್ಲ, ಆಗ ಕಬ್ಬಿಣವೂ ಬರಿಯ 60 ಹಿಟ್ ಪಾಯಿಂಟ್‌ನ ವಸ್ತು.

ಐದನೆಯ ಆವೃತ್ತಿಯಲ್ಲಿ ತೊಂದರೆ ತದ್ವಿರುದ್ಧ. ಅಲ್ಲಿ ಮರಕ್ಕೆ ಆರ್ಮರ್ ಕ್ಲಾಸ್ 15, ಕಲ್ಲಿಗೆ 17, ಕಬ್ಬಿಣಕ್ಕೆ 19. ಮಧ್ಯಮ ಗಾತ್ರದ ಗಟ್ಟಿ ವಸ್ತುವಿಗೆ ಸರಾಸರಿ 18 ಹಿಟ್ ಪಾಯಿಂಟ್, ದೊಡ್ಡದಕ್ಕೆ 27. ಕಬ್ಬಿಣದ ಬಾಗಿಲನ್ನು ಮಧ್ಯಮವೆಂದು ಎಣಿಸಿ, ದಾಳಿ ಬೋನಸ್ 5, ಡ್ಯಾಮೇಜ್ ಬೋನಸ್ 3 ಇರುವವನ ಕೈಗೆ ಚಾಕು ಕೊಟ್ಟರೆ ಸರಾಸರಿ ಏಟು ಐದೂವರೆ, ನಾಲ್ಕು ಏಟು ತಾಗಿದರೆ ಬಾಗಿಲು ಉರುಳುತ್ತದೆ. ತಾಗುವ ಸಾಧ್ಯತೆ ಶೇ. 35 ಆದ್ದರಿಂದ ಒಂದು ನಿಮಿಷ ಮೀರಿ ಕೆಲವೇ ಸೆಕೆಂಡುಗಳಲ್ಲಿ ಕಬ್ಬಿಣದ ಬಾಗಿಲು ಚಾಕುವಿಗೆ ಬಲಿಯಾಯಿತು. ಹೊಸಬರು ಓದದೆ ಬಿಡುವ ಡ್ಯಾಮೇಜ್ ಥ್ರೆಶೋಲ್ಡ್ ಎಂಬ ಸಣ್ಣ ಟಿಪ್ಪಣಿ ಇರುವುದೇ ಇದಕ್ಕಾಗಿ. ಏಟು ಆ ಮಟ್ಟವನ್ನು ಮುಟ್ಟದಿದ್ದರೆ ಗೀರು ಮಾತ್ರ. ಮುಟ್ಟಿದರೆ ಪೂರ್ತಿ ಹಾನಿ. ಬಾಗಿಲಿಗೆ 10ರ ಥ್ರೆಶೋಲ್ಡ್ ಕೊಟ್ಟರೆ ಆ ಚಾಕು ಕ್ರಿಟಿಕಲ್ ಏಟಿನ ಹೊರತು ಏನನ್ನೂ ಮಾಡಲಾರದು, ದೊಡ್ಡ ಕೊಡಲಿಗೆ ಮಾತ್ರ ದಾರಿ ಉಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ: ಹಾರ್ಡ್‌ನೆಸ್ ಪ್ರತಿ ಏಟಿನಿಂದ ಕಳೆಯುವ ಅಂಕಿ, ಥ್ರೆಶೋಲ್ಡ್ ಮುಟ್ಟಬೇಕಾದ ಅಂಕಿ. 12ರ ಏಟು ಹಾರ್ಡ್‌ನೆಸ್ 10ರ ವಸ್ತುವಿಗೆ 2 ಹಾನಿ ಮಾಡಿದರೆ, ಥ್ರೆಶೋಲ್ಡ್ 10ರ ವಸ್ತುವಿಗೆ 12 ಹಾನಿಯನ್ನೇ ಮಾಡುತ್ತದೆ. ಇವೆರಡನ್ನು ಅದಲುಬದಲು ಮಾಡಿದವರ ಮೇಜಿನಲ್ಲಿ ಬಾಗಿಲುಗಳು ಒಮ್ಮೆ ಹಪ್ಪಳದಂತೆಯೂ ಇನ್ನೊಮ್ಮೆ ಬಂಡೆಯಂತೆಯೂ ವರ್ತಿಸುತ್ತವೆ.

ಲಕ್ಷಣ: ಬಾಗಿಲು ಏಕೆ ತೆರೆಯುತ್ತಿಲ್ಲ ಎಂಬುದೇ ಯಾರಿಗೂ ಗೊತ್ತಿಲ್ಲ

ಆಟಗಾರರು ಬೀಗ ತೆರೆಯುವ ಸಲಕರಣೆ ಹೊರತೆಗೆಯುತ್ತಾರೆ, ಗೇಮ್ ಮಾಸ್ಟರ್ ಸ್ಟ್ರೆಂತ್ ಚೆಕ್ ಕೇಳುತ್ತಾನೆ, ಮಾತು ಎಲ್ಲೂ ಕೂಡುವುದಿಲ್ಲ. ಬಾಗಿಲಿಗೆ ಬೀಗವಿದೆಯೇ, ಒಳಗಿನಿಂದ ಅಗಳಿ ಇದೆಯೇ, ಬರಿದೇ ಬಿಗಿದುಕೊಂಡಿದೆಯೇ, ಮಂತ್ರ ಕಟ್ಟಿದೆಯೇ ಎಂಬುದನ್ನು ಮೊದಲೇ ಗೊತ್ತುಮಾಡದಿರುವುದು ಇದಕ್ಕೆ ಕಾರಣ. ಮಂತ್ರದ ಕಟ್ಟು ಬೇಗ ಮುಗಿಯುವ ವಿಷಯ: ಐದನೆಯ ಆವೃತ್ತಿಯ ‘ಆರ್ಕೇನ್ ಲಾಕ್’ ಒಡೆಯುವ ಡಿಸಿಯನ್ನೂ ಬೀಗ ತೆರೆಯುವ ಡಿಸಿಯನ್ನೂ 10ರಷ್ಟು ಏರಿಸುತ್ತದೆ, ಅಷ್ಟು ನೆನಪಿದ್ದರೆ ಸಾಕು. ಉಳಿದವುಗಳಿಗೆ ಗಮನ ಬೇಕು.

ಬಿಗಿದುಕೊಂಡ ಬಾಗಿಲೆಂದರೇನು ಎಂಬುದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಮರವು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ. ನಾರಿನ ಉದ್ದಕ್ಕೆ ಉಬ್ಬುವುದು ಅತ್ಯಲ್ಪ, ಅಡ್ಡಕ್ಕೆ ಉಬ್ಬುವುದೇ ಹೆಚ್ಚು. ಆದ್ದರಿಂದ ಬಾಗಿಲಿನ ಅಗಲ ಹೆಚ್ಚಿ ಅದು ದಾರಂದದ ಪಕ್ಕಗಳಿಗೆ ಕಚ್ಚಿಕೊಳ್ಳುತ್ತದೆ. ಇಂಥ ಬಾಗಿಲಿಗೆ ಬೀಗವೇ ಇಲ್ಲದಿರುವುದರಿಂದ ಬೀಗ ತೆರೆಯುವ ಕುಶಲತೆ ಅಲ್ಲಿ ನಿರುಪಯೋಗಿ, ಆದರೆ ಚಿಲಕದ ಕಡೆಯ ಅಂಚಿಗೆ ಹೆಗಲು ಕೊಟ್ಟರೆ ಬಿಟ್ಟುಕೊಳ್ಳುತ್ತದೆ. ನಿಮ್ಮ ಕಥೆಯ ನೆಲಮಾಳಿಗೆ ಸಮುದ್ರತೀರದ ಕೋಟೆಯಲ್ಲಿದ್ದರೆ ಮಳೆಗಾಲದಲ್ಲಿ ಬಾಗಿಲುಗಳನ್ನೆಲ್ಲ ಬಿಗಿದುಕೊಂಡವೆಂದೂ ಬೇಸಿಗೆಯಲ್ಲಿ ಸಡಿಲವೆಂದೂ ಇಟ್ಟುಕೊಳ್ಳಬಹುದು, 3.5ರ ಪಟ್ಟಿಯಲ್ಲಿ ಸಾದಾ ಮರದ ಬಾಗಿಲು ಬಿಗಿದುಕೊಂಡರೆ ಡಿಸಿ 13, ಬೀಗವಿದ್ದರೆ 15 ಎಂದು ಈ ವ್ಯತ್ಯಾಸ ಮೊದಲೇ ಇದೆ.

ಅಗಳಿ ಬೇರೆಯೇ ಸಂಗತಿ. ಹಳೆಯ ಮನೆಗಳಲ್ಲಿ ಗೋಡೆಯೊಳಗಿನ ಕಂಡಿಗೆ ಸರಿದು ಕೂರುವ ದಪ್ಪ ಮರದ ಅಡ್ಡಪಟ್ಟಿಯಿರುವ ಬಾಗಿಲನ್ನು ನೋಡಿದವರಿಗೆ, 3.5ರಲ್ಲಿ ಅಗಳಿ ಹಾಕಿದ ಬಾಗಿಲಿಗೆ ಡಿಸಿ 25 ಎಂದಿರುವುದು ಅತಿಯೆನಿಸದು. ಅಲ್ಲಿ ಒಡೆಯಬೇಕಾಗಿರುವುದು ಬಾಗಿಲಿನ ಹಲಗೆಯನ್ನಲ್ಲ, ಅಗಳಿಯನ್ನು. ಹಲಗೆಯಲ್ಲಿ ಕೈತೂರುವಷ್ಟು ತೂತು ಕೊರೆದು ಅಗಳಿಯನ್ನು ಸರಿಸುತ್ತೇನೆಂದು ಆಟಗಾರ್ತಿಯೊಬ್ಬಳು ಹೇಳಿದರೆ ಬಾಗಿಲಿನ ಪೂರ್ತಿ ಹಿಟ್ ಪಾಯಿಂಟ್ ಕೇಳುವುದು ಅನ್ಯಾಯ. ಒಂದು ಸಣ್ಣ ಭಾಗದ ಹಿಟ್ ಪಾಯಿಂಟ್ ಸಾಕು.

ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸುವವರು ಬಹಳ ಕಡಿಮೆ. ಅದು ಆಚೆಗೆ ತೆರೆಯುವುದಾದರೆ ತಳ್ಳುವುದರಲ್ಲಿ ಅರ್ಥವಿದೆ. ನಮ್ಮ ಕಡೆಗೆ ತೆರೆಯುವುದಾದರೆ ತಳ್ಳಿದಷ್ಟೂ ಅದು ದಾರಂದದ ಅಂಚಿಗೇ ಒತ್ತಿಕೊಳ್ಳುತ್ತದೆ. ಆಗ ಕ್ರೋಬಾರ್ ಹಾಕಿ ಮೀಟಬೇಕು, ಅಥವಾ ಕೀಲುಗಳು ನಮ್ಮ ಕಡೆಗೇ ಕಾಣುತ್ತಿರುವುದರಿಂದ ಅವುಗಳ ಮೊಳೆಯನ್ನು ಹೊರಗೆಳೆಯಬೇಕು. 3.5ರಲ್ಲಿ ಕೀಲಿಗೆ ಹಾರ್ಡ್‌ನೆಸ್ 10, ಬೀಗಕ್ಕೆ 15, ಎರಡಕ್ಕೂ ಹಿಟ್ ಪಾಯಿಂಟ್ 30. ಹಾಗಾಗಿ ಮರದ ಬಾಗಿಲಿನಲ್ಲಿ ಬೀಗವನ್ನು ಬಡಿಯುವುದಕ್ಕಿಂತ ಹಲಗೆಯನ್ನು ಕಡಿಯುವುದೇ ಸುಲಭ. ಆಟಗಾರರು ಯಾವಾಗಲೂ ಬೀಗಕ್ಕೇ ಹೊಡೆಯುತ್ತಾರೆ. ಎರಡು ಏಟು ವ್ಯರ್ಥವಾದ ಮೇಲಾದರೂ ಪಾತ್ರಗಳಿಗೆ ಇದು ಹೊಳೆದಂತೆ ಗೇಮ್ ಮಾಸ್ಟರ್ ಸೂಚಿಸಬೇಕು.

ಲಕ್ಷಣ: ಬೆಂಕಿಯುಂಡೆ ಬಿದ್ದರೂ ಬಾಗಿಲು ನಿಂತಿದೆ

3.5ರಲ್ಲಿ ಇದು ದೋಷವಲ್ಲ. ಬೆಂಕಿ ಮತ್ತು ಮಿಂಚಿನ ಹಾನಿಯನ್ನು ಮೊದಲು ಅರ್ಧ ಮಾಡಿ ಆಮೇಲೆ ಹಾರ್ಡ್‌ನೆಸ್ ಕಳೆಯಬೇಕು, ಶೈತ್ಯದ ಹಾನಿಯನ್ನು ಕಾಲು ಭಾಗಕ್ಕೆ ಇಳಿಸಬೇಕು. ಆಮ್ಲ ಮತ್ತು ಶಬ್ದದ ಹಾನಿ ಮಾತ್ರ ಪೂರ್ತಿ ತಾಗುತ್ತದೆ. 17 ಹಾನಿಯ ಬೆಂಕಿಯುಂಡೆ ಮರದ ಬಾಗಿಲಿಗೆ ತಾಗಿಸುವುದು 3 ಮಾತ್ರ. ಬಾಣಗಳ ಹಾನಿಯೂ ಅರ್ಧವೇ. ಐದನೆಯ ಆವೃತ್ತಿಯಲ್ಲಿ ಮಂತ್ರದ ವಿವರಣೆಯನ್ನೇ ಓದಬೇಕು: ‘ಫೈರ್‌ಬಾಲ್’ ಸುಡಬಲ್ಲ ವಸ್ತುಗಳಿಗೆ ಬೆಂಕಿ ಹೊತ್ತಿಸುತ್ತದೆ ಎಂದಷ್ಟೇ ಹೇಳುತ್ತದೆ, ‘ಶ್ಯಾಟರ್’ ಮಾತ್ರ ವಸ್ತುಗಳಿಗೂ ಹಾನಿಯಾಗುತ್ತದೆಂದು ಸ್ಪಷ್ಟವಾಗಿ ಬರೆದುಕೊಂಡಿದೆ. ವಿಷ ಮತ್ತು ಮಾನಸಿಕ ಹಾನಿ ಯಾವ ವಸ್ತುವಿಗೂ ತಾಗದು.

ಪೆಟ್ಟಿಗೆಯ ಬಗ್ಗೆ ಒಂದು ಮಾತು. ಬೀಗ ತೆರೆಯಲಾಗದೆ ಪೆಟ್ಟಿಗೆಯನ್ನು ಕೊಡಲಿಯಿಂದ ಸೀಳಿದವರಿಗೆ ಒಳಗಿನ ಗಾಜಿನ ಸೀಸೆಗಳು ಹಾಗೆಯೇ ಸಿಕ್ಕಿದರೆ, ಬೀಗ ತೆರೆಯುವ ಪಾತ್ರಕ್ಕೆ ಮೇಜಿನಲ್ಲಿ ಬೆಲೆ ಉಳಿಯುವುದಿಲ್ಲ. 3.5ರಲ್ಲಿ ಗಾಜಿಗೆ ಹಾರ್ಡ್‌ನೆಸ್ 1, ಅಂಗುಲಕ್ಕೆ ಒಂದೇ ಹಿಟ್ ಪಾಯಿಂಟ್. ಪೆಟ್ಟಿಗೆಯನ್ನು ಒಡೆದು ಮಿಕ್ಕ ಹಾನಿ ಒಳಗಿನ ಗಾಜಿಗೆ ಹೋಗುತ್ತದೆಂದು ಮೊದಲೇ ಎಚ್ಚರಿಸಿ, ಆಮೇಲೆ ಅದರಂತೆಯೇ ನಡೆದುಕೊಳ್ಳಬೇಕು.

ಲಕ್ಷಣ: ಬಾಗಿಲನ್ನು ಬಿಟ್ಟು ಗೋಡೆಯನ್ನೇ ಒಡೆಯಲು ಹೊರಟರು

ಅಡಮಂಟೈನ್ ಆಯುಧವೊಂದು ಸಿಕ್ಕಿದ ಕೂಡಲೇ ಕೆಲವು ತಂಡಗಳು ಬಾಗಿಲುಗಳನ್ನೇ ಮರೆತುಬಿಡುತ್ತವೆ. 3.5ರಲ್ಲಿ ಒಂದು ಅಡಿ ದಪ್ಪದ ಕಟ್ಟುಗೋಡೆಯ ಹತ್ತಡಿ ಚೌಕಕ್ಕೆ 90 ಹಿಟ್ ಪಾಯಿಂಟ್, ಹಾರ್ಡ್‌ನೆಸ್ 8, ಡಿಸಿ 35. ಸಂಖ್ಯೆಗಳು ಇದನ್ನು ಅಸಾಧ್ಯವೆನ್ನುವುದಿಲ್ಲ, ಬಹಳ ಹೊತ್ತಿನ ಕೆಲಸವೆನ್ನುತ್ತವೆ, ಅಷ್ಟೇ. ಬೇಡವೆನ್ನುವುದಕ್ಕಿಂತ ಗೋಡೆ ಯಾವ ಕಲ್ಲಿನದು ಎಂದು ನಿರ್ಧರಿಸುವುದು ಲೇಸು. ನಮ್ಮ ಜಿಲ್ಲೆಗಳ ಮುರಕಲ್ಲು ನೆಲದಿಂದ ತೆಗೆಯುವಾಗ ಮೆತ್ತಗಿದ್ದು ಉಳಿಯಿಂದಲೇ ಕಡಿಯಲು ಬರುತ್ತದೆ, ಗಾಳಿಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಆದರೂ ಅದು ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ ಬಾಹುಬಲಿಯ ಗ್ರಾನೈಟಿಗೆ ಸಮನಲ್ಲ. ನನ್ನ ಮೇಜಿನಲ್ಲಿ ಗ್ರಾನೈಟಿಗೆ ಪುಸ್ತಕದ 8ನ್ನೇ ಉಳಿಸಿ, ಮುರಕಲ್ಲಿಗೆ 6 ಎಂದು ಇಟ್ಟುಕೊಂಡಿದ್ದೇನೆ. ಇದು ಮನೆಯ ನಿಯಮ, ಪುಸ್ತಕದ್ದಲ್ಲ; ಆದರೆ ಗೋಡೆಯನ್ನು ಮುಟ್ಟಿ ನೋಡುವ ಆಟಗಾರರಿಗೆ ಇದರಿಂದ ಒಂದು ಸುಳಿವು ಸಿಗುತ್ತದೆ.

ಮಾಡಿನ ಬಗ್ಗೆಯೂ ಯೋಚಿಸಿರಬೇಕು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಹೆಂಚಿನ ಮಾಡು ಈ ಊರಿನ ಗುರುತೇ ಆಗಿದೆ, ಹೆಂಚು ತೆಗೆದು ಒಳನುಗ್ಗಿದ ಕಳ್ಳರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದದವರೂ ಇಲ್ಲಿಲ್ಲ. ಹಾಗಾಗಿ ಇಲ್ಲಿನ ಆಟಗಾರರಿಗೆ ಬಾಗಿಲು ಕಂಡ ಕೂಡಲೇ ಮಾಡಿನ ನೆನಪಾಗುತ್ತದೆ. ಒಂದರ ಮೇಲೊಂದು ಕೂತ ಹೆಂಚನ್ನು ಎತ್ತಿ ತೆಗೆಯಲು ಸ್ಟ್ರೆಂತ್ ಬೇಡ, ಮಾಡಿನ ಮೇಲೆ ಸದ್ದಾಗದಂತೆ ನಡೆಯುವುದಕ್ಕೆ ಡೆಕ್ಸ್‌ಟೆರಿಟಿ ಬೇಕು. ಇಂಥ ಯೋಚನೆಯನ್ನು ತಡೆಯಬಾರದು. ಬಲದ ಕೆಲಸ ಚುರುಕುತನದ ಕೆಲಸವಾಗಿ ಬದಲಾದರೆ ತಂಡದಲ್ಲಿ ಅದುವರೆಗೆ ಸುಮ್ಮನಿದ್ದ ಇನ್ನೊಬ್ಬರಿಗೆ ಅವಕಾಶ ಸಿಗುತ್ತದೆ.

ಎಲ್ಲ ತಪಾಸಣೆಗಳ ನಂತರವೂ ಆಟ ನಿಂತಿದ್ದರೆ

ಆಗ ದೋಷ ನಿಯಮದಲ್ಲಿಲ್ಲ, ಕಥೆಯ ರಚನೆಯಲ್ಲಿದೆ. ಆ ಬಾಗಿಲಿನ ಆಚೆಗಿರುವುದು ಸಿಗದೆ ಕಥೆ ಮುಂದೆ ಹೋಗುವಂತಿಲ್ಲ, ಆಚೆಗೆ ಹೋಗಲು ಬೇರೆ ದಾರಿಯೂ ಇಲ್ಲ ಎಂದಾಗ ಸೋಲಿಗೆ ಅವಕಾಶವಿರುವ ದಾಳವನ್ನು ಅಲ್ಲಿ ಇಡುವಂತೆಯೇ ಇಲ್ಲ. ಬಿಡುವಿದ್ದಾಗ ಸರಿಪಡಿಸುವುದಾದರೆ ನಕ್ಷೆಗೆ ಇನ್ನೊಂದು ದಾರಿ ಸೇರಿಸಬೇಕು: ಕುಸಿದ ಗೋಡೆ, ನೀರಿನ ತೋಡು, ಕೀಲಿಕೈ ಇರುವ ಕಾವಲುಗಾರ. ಆಟದ ನಡುವೆಯೇ ಸರಿಪಡಿಸಬೇಕಾದರೆ ಬಾಗಿಲು ತೆರೆಯುವುದು ನಿಶ್ಚಿತವೆಂದು ಮನಸ್ಸಿನಲ್ಲೇ ತೀರ್ಮಾನಿಸಿ, ದಾಳವನ್ನು ಬೇರೆ ಪ್ರಶ್ನೆಗೆ ಹಾಕಿಸಬೇಕು. ಡಿಸಿ ಮುಟ್ಟಿದರೆ ಬಾಗಿಲು ಒಂದೇ ಏಟಿಗೆ ಬಿದ್ದು ತಂಡ ಒಳಗಿನವರ ಮೇಲೆ ಅನಿರೀಕ್ಷಿತವಾಗಿ ಎರಗುತ್ತದೆ. ಮುಟ್ಟದಿದ್ದರೆ ಬಾಗಿಲು ಎರಡು ನಿಮಿಷದ ಗುದ್ದಾಟದ ನಂತರ ಬೀಳುತ್ತದೆ, ಅಷ್ಟರಲ್ಲಿ ಒಳಗಿನವರು ದೀಪ ಆರಿಸಿ, ಮೇಜನ್ನು ಅಡ್ಡಹಾಕಿ, ಬಿಲ್ಲಿಗೆ ಬಾಣ ಹೂಡಿ ಕಾಯುತ್ತಿರುತ್ತಾರೆ.